ಕುವೈತಿನಿಂದ ಬಂದ ಮೇಲೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕುವೈತ್ ಪರಿಹಾರದ ದುಡ್ಡಲ್ಲಿ ತಾನೇ ನಮ್ಮ ಹೋಟೆಲ್ ಶುರುವಾದದ್ದು ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಅಲ್ಲ ಮಗಾ. ಯುದ್ಧದಲ್ಲಿ ಎಲ್ಲ ಬಿಟ್ಟು ಬಂದದ್ದಕ್ಕೆ ಸಿಕ್ಕ ಆ ಪರಿಹಾರ ಬರುವಾಗ ಅಂಗಡಿಗೆ ಏಳೆಂಟು ವರ್ಷ ಆಗಿತ್ತು. ನೀನಾಗ ಸಣ್ಣವಳು, ಸುಮ್ನೆ ಹಾಗೆ ಅಂದುಕೊಂಡಿದ್ದೀ. ಅದಕ್ಕೇ ಬರೆಯುತ್ತಿದ್ದೇನೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿಯವರೆಗೆ ಒಂದು ದಿನಾರಿಗೆ ಸುಮಾರು 60 ರೂಪಾಯಿ ಸಿಗುತ್ತಿತ್ತು. ಕೆಲವೇ ವಾರಗಳಲ್ಲಿ ಆ ನೋಟು ಅಲ್ಲಿನ ಅಂಗಡಿಯಲ್ಲೇ ನಡೆಯದಾಯಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಡೇರೆಗಳಿಗೆ ಬಂದೆವು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಆ ಸಲ 488 ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಕರೆತಂದರು. ಆಗ ಕೊಂಕಣ ರೈಲು ಇರಲಿಲ್ಲ. ಮುಂಬಯಿಯಿಂದ ಕಾಪುವಿನವರೆಗೆ ಬಸ್ಸಿನಲ್ಲೇ ಬಂದೆವು, ನೀನು ನನ್ನ ಮಡಿಲಲ್ಲಿ.

ಊರಲ್ಲಿ ಕೆಲಸ ಎಲ್ಲಿ? ನಮ್ಮ ಹಾಗೆ ವಾಪಸ್ ಬಂದವರೆಲ್ಲ ಹುಡುಕುತ್ತಿದ್ದರು. ನನ್ನ ಬಳೆ ಅಡವಿಟ್ಟು, ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ದಿನವಿಡೀ ಚಾ. ಬನ್ಸಿಗೆ ಚೆನ್ನಾಗಿ ಕಳಿತ ಬಾಳೆಹಣ್ಣೇ ಬೇಕು, ಅಲ್ವಾ? ಸಿಪ್ಪೆ ಕಪ್ಪಾದ ಹಣ್ಣನ್ನು ಹಣ್ಣಿನಂಗಡಿಯವರು ಅಗ್ಗಕ್ಕೆ ಕೊಡುತ್ತಿದ್ದರು. ರಾತ್ರಿಯೇ ಮೈದಾ, ಮೊಸರು, ಸಕ್ಕರೆ, ಜೀರಿಗೆ ಹಾಕಿ ಕಲಸಿಡುತ್ತಿದ್ದೆ. ಮೊದಲ ಬಸ್ಸಿನ ಡ್ರೈವರು, ಮೀನು ಮಾರುವ ಹೆಂಗಸರು, ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೊರಟವರು, ಇವರೇ ನಮ್ಮನ್ನು ಉಳಿಸಿದ ಗಿರಾಕಿಗಳು. ಕುವೈತಿನಲ್ಲಿ ಏಸಿ ಕೋಣೆಯಲ್ಲಿ ಕೂತು ಲೆಕ್ಕ ಬರೆದಿದ್ದ ನಿನ್ನ ಅಪ್ಪ ಇಲ್ಲಿ ಚಾ ಸೋಸಿದರು. ಕಡ ಕೇಳಿದವರಿಗೆ ಇಲ್ಲ ಅನ್ನಲಿಲ್ಲ, ಆದರೆ ಒಂದು ಪೈಸೆಯನ್ನೂ ಬರೆಯದೆ ಬಿಡಲಿಲ್ಲ. ಅವರ ಆ ಲೆಕ್ಕದ ಶಿಸ್ತೇ ನಮ್ಮ ಬಂಡವಾಳ ಅಂತ ನಾನು ಈಗಲೂ ನಂಬುತ್ತೇನೆ.

ಸಂಜೆ ದಿನದ ಉಳಿತಾಯದ ದುಡ್ಡು ತೆಗೆದುಕೊಂಡು ಹೋಗಲು ಪಿಗ್ಮಿಯವರು ಬರುತ್ತಿದ್ದರು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟುವ ಹಾಗೆ ಶುರು ಮಾಡಿದ ಯೋಜನೆ ಅದು, ನಮ್ಮಂಥವರಿಗೆಂದೇ. ವ್ಯಾಪಾರ ಆದ ದಿನ ಹತ್ತು ರೂಪಾಯಿ, ಮಳೆ ಹೊಡೆದ ದಿನ ಐದು. ಆ ದುಡ್ಡಿನಿಂದ ಗ್ರೈಂಡರ್ ಬಂತು. ಗ್ರೈಂಡರ್ ಬಂದ ಮೇಲೆ ಇಡ್ಲಿ, ಇಡ್ಲಿಯಿಂದ ಮದುವೆ ಮನೆಯ ಆರ್ಡರ್. ಬಳೆ ಬಿಡಿಸಿದ್ದೂ ಪಿಗ್ಮಿಯಿಂದಲೇ.

ಪರಿಹಾರ ಬೇಡದ ದುಡ್ಡು ಅಂತ ನಾನು ಹೇಳುವುದಿಲ್ಲ. ಇರಾಕಿನ ಎಣ್ಣೆ ಮಾರಿದ ಹಣದಿಂದ ವಿಶ್ವಸಂಸ್ಥೆ ಕೊಡಿಸಿದ್ದು ಅದು. ಮನೆ, ಕೆಲಸ ಬಿಟ್ಟು ಓಡಿ ಬಂದವರ ಹಕ್ಕು. ಬಾಡಿಗೆಯ ಕೋಣೆಯನ್ನು ನಾವು ಸ್ವಂತಕ್ಕೆ ಕೊಂಡದ್ದು ಅದರಿಂದ. ನಿನಗೆ ನೆನಪಿರುವುದು ಆ ಹೊಸ ಬೋರ್ಡು.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. 1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆ ಆಯಿತು. ಆಮೇಲೆ ಅಪ್ಪನ ಹಳೇ ಧಣಿ ವಾಪಸ್ ಕರೆದರು. ಆಗ ಅಂಗಡಿಯಲ್ಲಿ ಉಳಿಯುತ್ತಿದ್ದದ್ದು ತೀರಾ ಕಡಿಮೆ. ಅಪ್ಪ ಎರಡು ರಾತ್ರಿ ಯೋಚಿಸಿದರು. ಬರುವುದಿಲ್ಲ ಅಂತ ಕಾಗದ ಬರೆದರು, ನನಗೆ ಓದಿ ಹೇಳಿ ಅಂಚೆಗೆ ಹಾಕಿದರು. ಬೇಗ ಮಲಗು, ನಾಳೆ ಮೊದಲ ಬಸ್ಸಿಗೆ ಬನ್ಸ್ ಆಗಬೇಕು ಅಂದರು.

ನಿನ್ನ,
ಅಮ್ಮ