ಪದರದ ಚಾಕುಗಳಿಗೆ ಇನ್ನು ಮುಂದೆ ಎರಡೇ ಸ್ಟೀಲ್

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿನಿಂದ ಪದರದ ಚಿತ್ತಾರವಿರುವ ಚಾಕುಗಳನ್ನು ನಮ್ಮ ಕುಲುಮೆಯಲ್ಲಿ 1084 ಮತ್ತು 15ಎನ್20 ಎಂಬ ಎರಡು ಸ್ಟೀಲ್‌ಗಳಿಂದ ಮಾತ್ರ ಮಾಡುತ್ತೇವೆ. ನೀವು ತರುವ ಲಾರಿ ಸ್ಪ್ರಿಂಗ್ ಪಟ್ಟಿ, ಬೇರಿಂಗ್, ಹಳೆಯ ಗರಗಸಗಳನ್ನು ಈ ಕೆಲಸಕ್ಕೆ ಬಳಸುವುದಿಲ್ಲ. 8 ಇಂಚಿನ ಚಾಕುವಿಗೆ 600 ರೂಪಾಯಿ ಜಾಸ್ತಿಯಾಗುತ್ತದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ.

ಸುಮ್ನೆ ದರ ಏರಿಸಿದರು ಅಂತ ನಿಮಗೆ ಅನ್ನಿಸಬಾರದು ಅಲ್ವಾ? ಕಾರಣ ಹೇಳುತ್ತೇವೆ.

ಲಾರಿ ಸ್ಪ್ರಿಂಗ್ ಜೊತೆ ಮಾಮೂಲಿ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪಟ್ಟಿ ಬೆಸೆದರೂ ಚಿತ್ತಾರ ಬರುತ್ತದೆ, ನಿಜ. ಆದರೆ ಅಲಗಿಗೆ ಗಡಸುತನ ಕೊಡುವ ಇಂಗಾಲ ಬೆಸುಗೆಯ ಕಾವಿನಲ್ಲಿ ಒಂದೇ ಪದರದಲ್ಲಿ ನಿಲ್ಲುವುದಿಲ್ಲ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಸ್ಪ್ರಿಂಗ್‌ನಲ್ಲಿ ಇಂಗಾಲ ಸುಮಾರು ಶೇ. 0.55, ಎಂ.ಎಸ್.ನಲ್ಲಿ ಶೇ. 0.2. ಸಮಸಮ ಸೇರಿಸಿದರೆ ಅಲಗಿಗೆ ಉಳಿಯುವುದು 0.4 ಕೂಡ ಇಲ್ಲ. ಅಂಥ ಚಾಕು ನೋಡಲು ಚೆಂದ, ಹರಿತ ಮಾತ್ರ ನಿಲ್ಲುವುದಿಲ್ಲ.

1084ರಲ್ಲಿ ಇಂಗಾಲ ಶೇ. 0.84ರ ಆಸುಪಾಸು, 15ಎನ್20ರಲ್ಲಿ 0.75. ಅತ್ತಿತ್ತ ಸರಿದರೂ ನಷ್ಟವಿಲ್ಲ. ಇಲ್ಲಿ ಚಿತ್ತಾರ ತರುವುದು 15ಎನ್20ರಲ್ಲಿರುವ ಶೇ. 2ರಷ್ಟು ನಿಕಲ್. ಅದು ಬೆಸುಗೆಯ ಕಾವಿಗೂ ಹೆಚ್ಚು ಕದಲುವುದಿಲ್ಲ. ಲೋಹದ ಮೈಯನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ತೆಗೆದರೆ 1084 ಕಪ್ಪಾಗುತ್ತದೆ, 15ಎನ್20 ಬೆಳ್ಳಗೆ ಹೊಳೆಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹದ. ಇವೆರಡೂ 800ರಿಂದ 820 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬೆಚ್ಚನೆಯ ಎಣ್ಣೆಯಲ್ಲಿ ಅದ್ದಿದರೆ ಒಟ್ಟಿಗೇ ಗಟ್ಟಿಯಾಗುತ್ತವೆ. ಸ್ಟೇನ್‌ಲೆಸ್ ಸೇರಿಸಿ ಎಂದು ಕೇಳುವವರಿದ್ದಾರೆ. ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ ಬೆಸುಗೆಗೆ ಹಾಕುವ ಬಿಳಿಗಾರಕ್ಕೂ ಜಗ್ಗುವುದಿಲ್ಲ, ಬೆಸುಗೆ ಸರಿಯಾಗಿ ಕೂರುವುದಿಲ್ಲ. ಕೂತರೂ ಎಣ್ಣೆಗಿಳಿಸಿದಾಗ ಒಂದು ಪದರ ಹಿಗ್ಗಿದಷ್ಟು ಇನ್ನೊಂದು ಹಿಗ್ಗದೆ ಅಲಗು ಸೊಟ್ಟಗಾಗುತ್ತದೆ, ಇಲ್ಲವೇ ಒಳಗೇ ಬಿರುಕು ಬಿಟ್ಟುಕೊಳ್ಳುತ್ತದೆ. ಆ ಬಿರುಕು ಆಗಲೇ ಕಣ್ಣಿಗೆ ಬೀಳುವುದಿಲ್ಲ. ಸಾಣೆ ಹಿಡಿದು ಬಾಯಿ ತೆಳುವಾದ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಉಗುರು ಆಡಿಸಿದರೆ ಅಲ್ಲಿ ತಡೆಯುತ್ತದೆ. ಅಂಥ ಅಲಗನ್ನು ಯಾರ ಅಡುಗೆಮನೆಗೂ ಕಳಿಸಲು ನಮಗೆ ಮನಸ್ಸಿಲ್ಲ.

ಇಂಥ ಪದರದ ಚಾಕುಗಳನ್ನು ಈಗ ಡಮಾಸ್ಕಸ್ ಎನ್ನುತ್ತಾರಲ್ಲ, ಅದು ನಮ್ಮ ಹಳೆಯ ಉಕ್ಕೇನಾ ಎಂದೂ ಹಲವರು ಕೇಳುತ್ತೀರಿ. ಅಲ್ಲ. ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ದಕ್ಷಿಣ ಭಾರತದ ಆ ಉಕ್ಕಿನಲ್ಲಿ ಚಿತ್ತಾರ ಒಂದೇ ಗಟ್ಟಿಯೊಳಗಿಂದ ಮೂಡುತ್ತಿತ್ತು. ನಮ್ಮದು ಎರಡು ಸ್ಟೀಲ್ ಬೆಸೆದು ಮಡಚಿದ್ದು. ಆ ಉಕ್ಕಿನ ಹೆಸರಿನಲ್ಲಿ ಇದನ್ನು ಮಾರುವುದಿಲ್ಲ.

ಅಜ್ಜನ ಲಾರಿಯ ಪಟ್ಟಿ ಎಂದು ಆಸೆಯಿಂದ ತಂದವರಿಗೆ ಬೇಸರವಾಗಬಹುದು. ಅದೂ ಒಳ್ಳೆಯ ಸ್ಟೀಲೇ. ಅದೊಂದರಿಂದಲೇ ಮಚ್ಚು, ಕತ್ತಿ ಮಾಡಿಕೊಡುತ್ತೇವೆ, ಕೂಲಿ ಮೊದಲಿನಷ್ಟೇ.

ಹೊಸ ಚಾಕುವೂ ತುಕ್ಕು ಹಿಡಿಯುತ್ತದೆ. ನಿಂಬೆ, ಹುಣಸೆ ಮುಟ್ಟಿದ ಕೂಡಲೇ ತೊಳೆದು ಒರೆಸಿ, ಚೂರು ಕೊಬ್ಬರಿ ಎಣ್ಣೆ ಸವರಿಡಿ.

ನಮ್ಮಲ್ಲಿ ಪಟ್ಟಿ ಬಿಟ್ಟುಹೋದವರು ಮಚ್ಚು ಬೇಕೋ, ಕತ್ತಿ ಬೇಕೋ ತಿಳಿಸಿ. ಬೇಡವಾದರೆ ಬಂದು ತೆಗೆದುಕೊಂಡು ಹೋಗಿ.

ಇಂತಿ,
ಕುಲುಮೆಯ ಬಳಗ