ಮಗಳು ವೋಟು ಹಾಕಿ ಬಂದಳು, ನಮ್ಮ ಜಿಲ್ಲಾ ಪಂಚಾಯ್ತಿಯ ಸರದಿ ಯಾವಾಗ?

ಮಾದಾಪುರ ಹತ್ತಿರ, ಕೊಡಗು
ಮೇ 30, 2022

ಮಾನ್ಯ ಸಂಪಾದಕರೇ,

ಈ ತಿಂಗಳ ಮೊದಲ ವಾರ ನಿಮ್ಮ ವಿದೇಶ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಬ್ರಿಟನ್ನಿನ ಸ್ಥಳೀಯ ಚುನಾವಣೆಯಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಪಕ್ಷಕ್ಕೆ ಪೆಟ್ಟು ಬಿದ್ದಿದೆ ಅಂತ. ಬೇರೆ ವರ್ಷ ಆಗಿದ್ದರೆ ಪುಟ ತಿರುಗಿಸಿಬಿಡುತ್ತಿದ್ದೆ. ಈ ಸಲ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆ ಚುನಾವಣೆಯಲ್ಲಿ ನನ್ನ ಮಗಳೂ ವೋಟು ಹಾಕಿದ್ದಾಳೆ.

ಅವಳು ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನಲ್ಲಿ ನರ್ಸ್. ಪಾಸ್‌ಪೋರ್ಟ್ ಇವತ್ತಿಗೂ ನಮ್ಮದೇ. ಆದರೂ ಅಲ್ಲಿ ಕಾನೂನು ಪ್ರಕಾರ ನೆಲೆಸಿದವರಿಗೆ ಕೌನ್ಸಿಲ್, ಅಂದರೆ ಸ್ಥಳೀಯ ಸಂಸ್ಥೆಯ ಚುನಾವಣೆಯಲ್ಲಿ ವೋಟು ಇದೆ. ಮೇ 5, ಗುರುವಾರ, ಡ್ಯೂಟಿ ಮುಗಿಸಿ ರಾತ್ರಿ ಎಂಟೂವರೆಗೆ ಹೋಗಿ ವೋಟು ಹಾಕಿ ಬಂದಳಂತೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರ ತನಕ ಮತಗಟ್ಟೆ ತೆರೆದಿರುತ್ತದೆ. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಶಾಯಿ ಹಾಕಲಿಲ್ಲ. ಹೆಸರು, ವಿಳಾಸ ಹೇಳಿದಳು. ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್ ಇತ್ತು, ಅಷ್ಟೇ. ಪೋಲಿಂಗ್ ಡ್ಯೂಟಿಯಲ್ಲಿ ಮೂವತ್ತು ವರ್ಷ ಸವೆಸಿದ ನನಗೆ ಪೆನ್ಸಿಲ್ ಅಂದ ಕೂಡಲೇ ಎದೆ ಧಸಕ್ ಅಂದಿತು. ಪೆನ್ಸಿಲಾ? ಅಳಿಸಿದರೆ? "ಅಪ್ಪಾ, ಇಲ್ಲಿ ಯಾರೂ ಅದನ್ನ ಯೋಚನೆ ಕೂಡ ಮಾಡಲ್ಲ" ಅಂದಳು. ಇರಲಿ.

ಮತಪತ್ರದಲ್ಲಿ ಅವಳು ಮುದ್ರೆ ಒತ್ತಲಿಲ್ಲ. 1, 2, 3 ಅಂತ ಅಂಕಿ ಬರೆದಳು. ಅವಳಿಗೆ ಇದು ವಿಚಿತ್ರ ಅನಿಸಿತ್ತು. ನನಗೆ ಅನಿಸಲಿಲ್ಲ. ನಾನು ಪ್ರೌಢಶಾಲೆ ಮೇಷ್ಟ್ರಾಗಿದ್ದವನು. ನಮ್ಮ ನೈರುತ್ಯ ಶಿಕ್ಷಕರ ಕ್ಷೇತ್ರದಲ್ಲಿ ಇದೇ ಪದ್ಧತಿ, ಪ್ರಾಶಸ್ತ್ಯದ ಮತ. 2018ರ ಜೂನ್‌ನಲ್ಲಿ ಕೊನೆಯ ಸಲ ನೇರಳೆ ಬಣ್ಣದ ಸ್ಕೆಚ್ ಪೆನ್ ಹಿಡಿದು ನಾನೂ ಹಾಗೇ ಬರೆದು ಬಂದಿದ್ದೆ. ಟಿಕ್ ಹಾಕಿದರೆ ವೋಟು ಹಾಳು, 'ಒಂದು' ಅಂತ ಅಕ್ಷರದಲ್ಲಿ ಬರೆದರೂ ಹಾಳು. ಪಾಠ ಹೇಳುವವರೇ ತಪ್ಪು ಮಾಡಿ ಬರುತ್ತಿದ್ದರು, ಆ ಮಾತು ಬೇರೆ.

ವ್ಯತ್ಯಾಸ ಇರುವುದು ಇಲ್ಲಿ. ನಮ್ಮದು ಒಂದೇ ಸೀಟು. ಅಲ್ಲಿ ಒಂದೊಂದು ವಾರ್ಡಿಗೂ ಸಾಮಾನ್ಯವಾಗಿ ಮೂವರು ಅಥವಾ ನಾಲ್ವರು ಸದಸ್ಯರು. ಮಗಳ ವಾರ್ಡಿಗೆ ಮೂವರು. ನಾಲ್ಕು ಸಾವಿರ ಸಿಂಧು ಮತ ಬಿತ್ತು ಅಂತ ಇಟ್ಟುಕೊಳ್ಳಿ. ಸೀಟಿಗಿಂತ ಒಂದು ಜಾಸ್ತಿ, ಅಂದರೆ ನಾಲ್ಕರಿಂದ ಭಾಗಿಸಿ, ಒಂದು ಸೇರಿಸಿ. 1,001 ಮತ ಬಂದವರು ಗೆದ್ದರು. ಅವರಿಗೆ ಅದಕ್ಕಿಂತ ಜಾಸ್ತಿ ಬಂದಿದ್ದರೆ ಆ ಹೆಚ್ಚುವರಿ ಎರಡನೇ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಯಾರೂ ಆ ಗೆರೆ ದಾಟದಿದ್ದರೆ ಎಲ್ಲರಿಗಿಂತ ಕೆಳಗಿದ್ದವರನ್ನು ಕೈಬಿಟ್ಟು ಅವರ ಮತವನ್ನು ಹಂಚುತ್ತಾರೆ. ಕೇಳಲು ತಲೆನೋವು. ಆದರೆ 2007ರಿಂದ ಎಣಿಕೆ ಯಂತ್ರದ್ದು. ಗುರುವಾರ ವೋಟು, ಶುಕ್ರವಾರ ಫಲಿತಾಂಶ.

ಇದರಿಂದ ಏನಾಗುತ್ತದೆ ನೋಡಿ. ಇನ್ವರ್ನೆಸ್ ಸೇರಿರುವ ಹೈಲ್ಯಾಂಡ್ ಕೌನ್ಸಿಲಿನಲ್ಲಿ 74 ಸ್ಥಾನ. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 22, ಪಕ್ಷೇತರರಿಗೆ 21, ಲಿಬರಲ್ ಡೆಮಾಕ್ರಟರಿಗೆ 15, ಜಾನ್ಸನ್ ಪಕ್ಷಕ್ಕೆ 10, ಗ್ರೀನ್ಸ್‌ಗೆ 4, ಲೇಬರ್‌ಗೆ 2. ಪಕ್ಷೇತರರೇ 21! ಇಡೀ ಸ್ಕಾಟ್ಲೆಂಡಿನ 32 ಕೌನ್ಸಿಲುಗಳಲ್ಲಿ 27ರಲ್ಲಿ ಯಾವ ಪಕ್ಷಕ್ಕೂ ಬಹುಮತ ಇಲ್ಲ. ಡಂಡೀ ನಗರ ನ್ಯಾಷನಲ್ ಪಾರ್ಟಿಗೆ, ವೆಸ್ಟ್ ಡನ್‌ಬಾರ್ಟನ್‌ಶೈರ್ ಲೇಬರ್‌ಗೆ ಸಿಕ್ಕಿತು. ಆರ್ಕ್ನಿ, ಶೆಟ್ಲೆಂಡ್, ವೆಸ್ಟರ್ನ್ ಐಲ್ಸ್ ಎಂಬ ಮೂರು ದ್ವೀಪ ಕೌನ್ಸಿಲುಗಳು ಯಾವತ್ತಿನ ಹಾಗೆ ಪಕ್ಷೇತರರ ಕೈಯಲ್ಲೇ ಉಳಿದವು. ಗ್ಲಾಸ್ಗೋದಲ್ಲಿ ನ್ಯಾಷನಲ್ ಪಾರ್ಟಿಗೆ 37, ಲೇಬರ್‌ಗೆ 36. ಒಂದೇ ಒಂದು ಸೀಟಿನ ಅಂತರ. ಒಟ್ಟು ಲೆಕ್ಕದಲ್ಲಿ ನ್ಯಾಷನಲ್ ಪಾರ್ಟಿ 453, ಲೇಬರ್ 282, ಜಾನ್ಸನ್ ಪಕ್ಷ 214. ಜಾನ್ಸನ್ ಪಕ್ಷ ಅರವತ್ತಕ್ಕೂ ಜಾಸ್ತಿ ಸೀಟು ಕಳೆದುಕೊಂಡು ಎರಡನೇ ಜಾಗದಿಂದ ಮೂರಕ್ಕೆ ಇಳಿಯಿತು. ನಿಮ್ಮ ನಾಲ್ಕು ಸಾಲಿನ ಸುದ್ದಿಯ ಒಳಗೆ ಇಷ್ಟೆಲ್ಲ ಇತ್ತು.

ಅಲ್ಲಿ ಎಲ್ಲಾ ಚೆನ್ನ, ಇಲ್ಲಿ ಎಲ್ಲಾ ಹಾಳು ಅಂತ ಹೇಳಲು ನಾನು ಕೂತಿಲ್ಲ. ನೂರಕ್ಕೆ ನಲವತ್ತೈದು ಜನ ಕೂಡ ಅಲ್ಲಿ ವೋಟು ಹಾಕಿಲ್ಲ. ನಮ್ಮ ಪಂಚಾಯ್ತಿ ಚುನಾವಣೆಯ ದಿನ ತೋಟದ ಲೈನ್‌ಮನೆಗಳಿಂದ ಜನ ಮಗು ಎತ್ತಿಕೊಂಡು ಕ್ಯೂ ನಿಲ್ಲುವುದನ್ನು ಅವರು ಬಂದು ನೋಡಬೇಕು. ಅಲ್ಲಿನ ಕೆಲವು ವಾರ್ಡುಗಳಲ್ಲಂತೂ ಸೀಟಿಗಿಂತ ಜಾಸ್ತಿ ಅಭ್ಯರ್ಥಿಗಳೇ ಇರಲಿಲ್ಲ, ಅವಿರೋಧ ಆಯ್ಕೆ. ಎಡಿನ್‌ಬರೊದಲ್ಲಿ 19 ಸ್ಥಾನ ಗೆದ್ದ ನ್ಯಾಷನಲ್ ಪಾರ್ಟಿ ಹೊರಗೆ ಕೂತಿದೆ. 13 ಗೆದ್ದ ಲೇಬರ್ ಬೇರೆಯವರ ಬೆಂಬಲದಿಂದ ಮೊನ್ನೆ ಅಧಿಕಾರ ಹಿಡಿದಿದೆ. ಇದನ್ನು ಕೇಳಿದಾಗ ಮಾತ್ರ ನನಗೆ ನಮ್ಮ ಊರೇ ನೆನಪಾಯಿತು!

ಮಗಳು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಅಲ್ಲಿ ಹದಿನಾರು ತುಂಬಿದವರಿಗೂ ಈ ವೋಟು ಇದೆ. ಹದಿನಾರು ಅಂದರೆ ನನ್ನ ಎಸ್ಸೆಸ್ಸೆಲ್ಸಿ ಹಿಂದಿನ ಬೆಂಚು. ಅವರ ಕೈಗೆ ಬ್ಯಾಲೆಟ್ ಕೊಟ್ಟಿದ್ದರೆ ಏನು ಮಾಡುತ್ತಿದ್ದರೋ! ಆದರೆ ಶಾಲೆಯ ಹೆಂಚು ಎಲ್ಲೆಲ್ಲಿ ಸೋರುತ್ತದೆ ಅಂತ ಜಿಲ್ಲಾ ಪಂಚಾಯ್ತಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಈಗ ಜಿಲ್ಲಾ ಪಂಚಾಯ್ತಿ ವಿಷಯಕ್ಕೆ ಬರುತ್ತೇನೆ. ಪತ್ರ ಬರೆದದ್ದೇ ಅದಕ್ಕೆ.

ಮಗಳ ಮನೆಯ ಓನರ್ ಅಜ್ಜಿ ನೇರ್ನ್ ಎಂಬ ಸಣ್ಣ ಊರಿನವರು. ಇನ್ವರ್ನೆಸ್‌ಗೆ ಹತ್ತಿರ, ಸಮುದ್ರದ ದಂಡೆ. ಹಿಂದೆ ನೇರ್ನ್‌ಗೆ ಅದರದ್ದೇ ಡಿಸ್ಟ್ರಿಕ್ಟ್ ಕೌನ್ಸಿಲ್ ಇತ್ತು. 1975ರಿಂದ 1996ರ ತನಕ ಸ್ಕಾಟ್ಲೆಂಡಿನಲ್ಲಿ ನಮ್ಮ ಹಾಗೇ ಎರಡು ಮೆಟ್ಟಿಲು. ಮೇಲೆ 9 ರೀಜನ್, ಕೆಳಗೆ 53 ಡಿಸ್ಟ್ರಿಕ್ಟ್. ಮೂರು ದ್ವೀಪಗಳದ್ದು ಮಾತ್ರ ಬೇರೆ ವ್ಯವಸ್ಥೆ. ಶಾಲೆ, ರಸ್ತೆ ರೀಜನ್‌ಗೆ. ಮನೆ, ಕಸ ಡಿಸ್ಟ್ರಿಕ್ಟ್‌ಗೆ. ನಮ್ಮ ಜಿ.ಪಂ., ತಾ.ಪಂ. ಇದ್ದ ಹಾಗೆ ಅಂದುಕೊಳ್ಳಿ. ಡಿಸ್ಟ್ರಿಕ್ಟ್ ಚುನಾವಣೆ 1974ರಲ್ಲಿ ಶುರುವಾಗಿ 1977, 1980, 1984, 1988, 1992ರಲ್ಲಿ ನಡೆಯಿತು. 1996ರಲ್ಲಿ ಎರಡೂ ಮೆಟ್ಟಿಲು ತೆಗೆದು 32 ಕೌನ್ಸಿಲ್ ಮಾಡಿದರು. ಹೈಲ್ಯಾಂಡ್‌ನ ಎಂಟು ಡಿಸ್ಟ್ರಿಕ್ಟ್‌ಗಳೂ ಒಂದರೊಳಗೆ ಹೋದವು, ನೇರ್ನ್ ಕೂಡ. ಎಲ್ಲಾ ತೀರ್ಮಾನ ಇನ್ವರ್ನೆಸ್‌ನಲ್ಲೇ ಆಗುತ್ತದೆ ಅಂತ ಆ ಅಜ್ಜಿ ಇವತ್ತಿಗೂ ಗೊಣಗುತ್ತಾರಂತೆ.

ಅಜ್ಜಿಯ ಗೊಣಗಾಟ ಕೊಡಗಿನವರಿಗೆ ಅರ್ಥವಾಗುತ್ತದೆ, ಅಲ್ವಾ? ನಾವೂ ಒಂದು ಕಾಲಕ್ಕೆ ರಾಜ್ಯವೇ ಆಗಿದ್ದವರು. 1952ರಲ್ಲಿ ನಮ್ಮದೇ ವಿಧಾನಸಭೆ, 24 ಸ್ಥಾನ. ಕಾಂಗ್ರೆಸ್‌ಗೆ 15, ಉಳಿದ 9 ಪಕ್ಷೇತರರಿಗೆ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿಗೆ ಸೇರುವುದು ಬೇಡ ಅಂದವರನ್ನು ಜನ ತಕ್ಕಡಿ ಪಕ್ಷ ಅಂತ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಅಜ್ಜ ಕಾಂಗ್ರೆಸ್, ಚಿಕ್ಕಜ್ಜ ತಕ್ಕಡಿ. ಒಂದೇ ಕಣದಲ್ಲಿ ಬತ್ತ ಬಡಿಯುತ್ತಾ ಮಾತು ಬಿಟ್ಟಿದ್ದರಂತೆ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಆ ಜಗಳ ಈಗ ಕೆದಕುವುದು ಬೇಡ. ಒಂದು ಲೆಕ್ಕ ಮಾತ್ರ ನೋಡಿ. 1951ರ ಜನಗಣತಿಯಲ್ಲಿ ಕೊಡಗಿನ ಜನ 2 ಲಕ್ಷ 29 ಸಾವಿರ. ಇವತ್ತಿನ ಹೈಲ್ಯಾಂಡ್‌ನ ಜನವೂ ಹತ್ತಿರ ಹತ್ತಿರ ಅಷ್ಟೇ, ಸುಮಾರು 2 ಲಕ್ಷ 35 ಸಾವಿರ. ಜಾಗ ಮಾತ್ರ ಕೊಡಗಿನ ಆರು ಪಟ್ಟು. ಅಷ್ಟು ಜನಕ್ಕೆ ಅವರು 74 ಸದಸ್ಯರನ್ನು ಇಟ್ಟುಕೊಂಡಿದ್ದಾರೆ. 2011ರ ಜನಗಣತಿ ಪ್ರಕಾರ ನಾವು ಐದೂವರೆ ಲಕ್ಷ. ನಮ್ಮ ಜಿಲ್ಲಾ ಪಂಚಾಯ್ತಿಯಲ್ಲಿ ಈ ಹೊತ್ತು ಆರಿಸಿ ಬಂದ ಸದಸ್ಯರು ಎಷ್ಟು? ಸೊನ್ನೆ.

2016ರ ಫೆಬ್ರುವರಿಯಲ್ಲಿ ವೋಟು ಹಾಕಿದ್ದು. ನಾನು ಆ ಸಲ ಮತಗಟ್ಟೆಯ ಮುಖ್ಯಸ್ಥ, ಅಂದರೆ ಪಿಆರ್‌ಓ. ಜಿ.ಪಂ.ಗೆ ಒಂದು, ತಾ.ಪಂ.ಗೆ ಒಂದು ಯಂತ್ರ. ಅಜ್ಜಿಯೊಬ್ಬರು ಒಂದನ್ನು ಒತ್ತಿ ಹೊರಟೇಬಿಟ್ಟಿದ್ದರು, ಕೂಗಿ ಕರೆಯಬೇಕಾಯಿತು. 2021ರಲ್ಲಿ ಐದು ವರ್ಷ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ಕ್ಷೇತ್ರ ಮರುವಿಂಗಡಣೆ ಅಂದರು, ಅದಕ್ಕೊಂದು ಆಯೋಗ ಅಂದರು, ಮೀಸಲಾತಿ ಅಂದರು. ಹೊಸ ತಾಲ್ಲೂಕುಗಳಾದ ಪೊನ್ನಂಪೇಟೆ, ಕುಶಾಲನಗರದವರು ತಮ್ಮ ತಾಲ್ಲೂಕು ಪಂಚಾಯ್ತಿಗೆ ಅಂತ ಒಂದು ಸಲವೂ ವೋಟು ಹಾಕಿಲ್ಲ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. ಇದೇ ಮೇ 10ರಂದು ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಕೇಸಿನಲ್ಲಿ, ಮರುವಿಂಗಡಣೆಯ ನೆಪ ಹೇಳಿ ಚುನಾವಣೆ ತಡ ಮಾಡಬೇಡಿ, ಇದು ಎಲ್ಲಾ ರಾಜ್ಯಗಳಿಗೂ ಅನ್ವಯ ಅಂತ ಹೇಳಿದೆ.

ಸ್ಕಾಟ್ಲೆಂಡಿನವರೂ ಚುನಾವಣೆ ಮುಂದೆ ಹಾಕಿದ್ದಾರೆ, ಅದನ್ನೂ ಹೇಳಬೇಕು. 2007ರಲ್ಲಿ ಸಂಸತ್ತು, ಕೌನ್ಸಿಲ್ ಎರಡಕ್ಕೂ ಒಂದೇ ದಿನ ವೋಟು ಇಟ್ಟು ಜನರಿಗೆ ಗಲಿಬಿಲಿಯಾಯಿತು. ಸಂಸತ್ತಿನ ಚುನಾವಣೆಯಲ್ಲೇ ಒಂದು ಲಕ್ಷಕ್ಕೂ ಮಿಕ್ಕಿ ಮತಪತ್ರ ತಿರಸ್ಕೃತ. ಎರಡೂ ಒಟ್ಟಿಗೆ ಬೇಡ ಅಂತ 2011ರ ಕೌನ್ಸಿಲ್ ಚುನಾವಣೆಯನ್ನು 2012ಕ್ಕೆ ತಂದರು, ಅದರ ಮುಂದಿನದ್ದನ್ನು 2017ಕ್ಕೆ ಇಟ್ಟರು. ಆದರೆ ಮೊದಲೇ ಕಾನೂನು ಮಾಡಿ, ಹೊಸ ದಿನ ಹೇಳಿ ಮುಂದೆ ಹಾಕಿದರು. ಹಳೆಯ ಸದಸ್ಯರು ಅಲ್ಲಿಯ ತನಕ ಕೂತಿದ್ದರು. ಕುರ್ಚಿ ಖಾಲಿ ಬಿಡಲಿಲ್ಲ.

ಖಾಲಿ ಕುರ್ಚಿಯಿಂದ ಏನು ತೊಂದರೆ ಅಂತ ಕೇಳುವವರಿಗೆ ನಮ್ಮ ಮೋರಿಯ ಕತೆ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಇಳಿದಾಗ ನಮ್ಮ ಕಡೆಯ ರಸ್ತೆಯ ಮೋರಿಯೊಂದು ಅರ್ಧ ಹೋಯಿತು. ಆಗ ಜಿ.ಪಂ. ಸದಸ್ಯರೊಬ್ಬರು ಇದ್ದರು. ಯಾವ ಪಕ್ಷ ಅಂತ ಬೇಡ, ನಾನು ಅವರಿಗೆ ವೋಟು ಹಾಕಿದವನೂ ಅಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಅವರ ಮನೆ ಬಾಗಿಲು ಬಡಿಯಬಹುದಿತ್ತು. ಬಡಿದೆವು. ಲುಂಗಿ ಎತ್ತಿಕಟ್ಟಿ ಕೆಸರಿಗೆ ಇಳಿದು ನೋಡಿದರು. ಹದಿನೈದು ದಿನದಲ್ಲಿ ಪೈಪು ಹಾಕಿ ತಾತ್ಕಾಲಿಕ ದಾರಿ ಆಯಿತು. ಪಕ್ಕಾ ಮೋರಿ ಮುಂದಿನ ವರ್ಷ ಅಂದರು. ಮುಂದಿನ ವರ್ಷ ಮತ್ತೆ ಮಳೆ, ಆಮೇಲೆ ಕೊರೊನಾ, ಆಮೇಲೆ ಅವರ ಅವಧಿಯೇ ಮುಗಿಯಿತು.

ಕಳೆದ ಒಂದು ವರ್ಷದಿಂದ ನಾನು ಅರ್ಜಿ ಹಿಡಿದು ತಿರುಗುತ್ತಿದ್ದೇನೆ. ಗ್ರಾಮ ಪಂಚಾಯ್ತಿಯಲ್ಲಿ ಕೇಳಿದರೆ ನಮ್ಮ ರಸ್ತೆ ಅಲ್ಲ ಸಾರ್ ಅಂತಾರೆ. ಇನ್ನೊಂದು ಕಚೇರಿಯಲ್ಲಿ ಅರ್ಜಿಗೆ ಸೀಲು ಹಾಕಿ ಕೊಡುತ್ತಾರೆ. ಸೀಲು ಮಾತ್ರ ಚೆನ್ನಾಗಿ ಬೀಳುತ್ತದೆ. ಅಧಿಕಾರಿಗಳನ್ನು ನಾನು ಬೈಯುವುದಿಲ್ಲ. ಮೂರು ಜನರ ಕೆಲಸ ಒಬ್ಬರ ಮೇಜಿನ ಮೇಲಿದೆ, ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಮೋರಿಗೆ ಹೆದರಬೇಕಾದ ಅಗತ್ಯ ಅವರಿಗೆ ಇಲ್ಲ. ಮುಂದಿನ ಸಲ ವೋಟು ಕೇಳಲು ಬರಬೇಕಾದವನಿಗೆ ಮಾತ್ರ ಇರುತ್ತದೆ.

1987ರಲ್ಲಿ ಜಿಲ್ಲಾ ಪರಿಷತ್ತು ಬಂದಾಗ ನಾನು ಕೆಲಸಕ್ಕೆ ಸೇರಿ ಎರಡೇ ವರ್ಷ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕಾಲ. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಅಂತ ಕೇಳಿ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟಿದ್ದೆವು. ಸ್ಕಾಟ್ಲೆಂಡಿನವರು ಬಂದು ನಮ್ಮನ್ನು ನೋಡಿ ಕಲಿಯಬಹುದಾಗಿದ್ದ ವ್ಯವಸ್ಥೆ ಅದು. ಈಗ ನಾನು ಮಗಳ ಫೋನಿಗೆ ಕಿವಿ ಕೊಟ್ಟು ಕೂತಿದ್ದೇನೆ.

ಅವರ ಮುಂದಿನ ಚುನಾವಣೆ 2027ರ ಮೇ 6ಕ್ಕೆ. ಮೇ ತಿಂಗಳ ಮೊದಲ ಗುರುವಾರ, ಈಗಲೇ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಬಹುದು. ನಮ್ಮದು ಯಾವತ್ತು ಅಂತ ಮಗಳು ಕೇಳಿದಳು. ಕಾಫಿಗೆ ಗೊಬ್ಬರ ಹಾಕಿಸಬೇಕು ಅಂತ ಮಾತು ತಿರುಗಿಸಿದೆ.

ನಿಮ್ಮಲ್ಲಿ ಒಂದು ವಿನಂತಿ. ಜಿಲ್ಲಾ ಪುಟದಲ್ಲಿ ದಿನಾ ಒಂದು ಸಾಲು ಹಾಕಿ: ಜಿಲ್ಲಾ ಪಂಚಾಯ್ತಿಗೆ ಸದಸ್ಯರಿಲ್ಲದೆ ಇಂದಿಗೆ ಇಷ್ಟು ದಿನ. ಹಾರಂಗಿ ಜಲಾಶಯದ ನೀರಿನ ಮಟ್ಟ ಹಾಕುತ್ತೀರಲ್ಲ, ಅದರ ಕೆಳಗೆ ಹಾಕಿದರೂ ಸಾಕು. ಮೋರಿ ನೋಡಲು ವರದಿಗಾರರನ್ನು ಕಳಿಸುವುದಾದರೆ ಜೂನ್ ಮೊದಲ ವಾರದೊಳಗೆ ಕಳಿಸಿ. ಸದ್ಯಕ್ಕೆ ಮರಳು ಚೀಲ ಇಟ್ಟಿದ್ದೇವೆ, ಜೀಪು ದಾಟುತ್ತದೆ. ಮಳೆ ಹಿಡಿದ ಮೇಲೆ ಆಚೆ ಕಡೆ ಬಿಟ್ಟು ನಡೆದು ಬರಬೇಕಾಗುತ್ತದೆ. ಜಿಗಣೆ ಇರುತ್ತದೆ, ಸುಣ್ಣ, ಹೊಗೆಸೊಪ್ಪು ತರಲು ಹೇಳಿ.

ಇಂತಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ