ಆನೆ ಎದುರಾದರೆ ಎಂಬ ನಿನ್ನ ಮಾತಿಗೆ

ಚಿ. ಸೌ. ವಾಣಿಗೆ ಸೋದರಮಾವನ ಆಶೀರ್ವಾದಗಳು.

ಕೇಪ್ ಟೌನ್‌ನಿಂದ ಕಡಲಂಚಿನಲ್ಲೇ ಸಾಗಿ ಆ್ಯಡೋ ಆನೆಧಾಮ ಮುಟ್ಟುವ ನಿಮ್ಮ ಪ್ರವಾಸದ ಸುದ್ದಿಯಿಂದ ಸಂತೋಷವಾಯಿತು. ಆದರೆ ‘ಆನೆ ಕಾರಿನೆದುರು ನಿಂತರೆ, ಅಮ್ಮ ಜೊತೆಗಿರುವಾಗ, ನನ್ನ ಕೈಕಾಲೇ ಆಡುವುದಿಲ್ಲ’ ಎಂದು ಕೊನೆಯಲ್ಲಿ ಬರೆದಿರುವ ಸಾಲು ನನ್ನ ನಿದ್ದೆ ಕೆಡಿಸಿದೆ.

ಆ ಭಯ ಸಲ್ಲದೆಂದು ನಾನು ಹೇಳಲಾರೆ. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಜೀಪು ಓಡಿಸುತ್ತಿದ್ದ ಕಾಲದಲ್ಲಿ, ಬಂಡೀಪುರದ ತಿರುವೊಂದರಲ್ಲಿ ಸಲಗ ರಸ್ತೆಗೆ ಅಡ್ಡ ನಿಂತಿತ್ತು. ಕಣ್ಣಿನ ಹಿಂದಿನಿಂದ ಮದ ಸೋರಿ ಕೆನ್ನೆಯ ಮೇಲೆ ಕಪ್ಪು ಗೆರೆ ಇಳಿದಿತ್ತು. ಹಾರ್ನ್ ಒತ್ತದೆ, ಎಂಜಿನ್ ಆರಿಸದೆ, ಮೆಲ್ಲಗೆ ಹಿಂದೆ ಸರಿದೆ. ಅದೂ ಬಿದಿರು ಮುರಿದುಕೊಂಡು ಇಳಿಜಾರಿಗೆ ಹೋಯಿತು. ಆಮೇಲೆ ಮಾತ್ರ ಆ ಕಾಡಿನಲ್ಲಿ ನನಗೆ ದಾಟುವುದೊಂದೇ ಧ್ಯಾನ. ‘ಸ್ವಲ್ಪ ನಿಧಾನ ಮಾಡೋ, ಹಿಂಡು ಕಾಣುತ್ತಿದೆ’ ಎಂದು ನಿನ್ನ ಅಜ್ಜ ಹಿಂದಿನಿಂದ ಕೇಳಿಕೊಂಡರೂ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಕಣ್ತುಂಬ ನೋಡುವ ಅವರ ಆಸೆ ಹಾಗೆಯೇ ಉಳಿದದ್ದು ಈಗಲೂ ನೋಯಿಸುತ್ತದೆ.

ಹಾಗೆ ನೋಡಿದರೆ ಮನುಷ್ಯರನ್ನು ಕಂಡು ಹೆದರಬೇಕಾದದ್ದು ಆ್ಯಡೋದ ಆನೆಗಳೇ. 1919ರಲ್ಲಿ ರೈತರ ದೂರಿನ ಮೇಲೆ ಬೇಟೆಗಾರನನ್ನು ನೇಮಿಸಿ ನೂರಕ್ಕೂ ಹೆಚ್ಚು ಆನೆಗಳನ್ನು ಕೊಲ್ಲಿಸಿದರು. 1931ರಲ್ಲಿ ಉದ್ಯಾನ ಸ್ಥಾಪನೆಯಾದಾಗ ಉಳಿದಿದ್ದವು 11. ಇಂದು 600ಕ್ಕೂ ಮಿಕ್ಕಿವೆ. ಉಳಿದ ಆ ಕೆಲವೇ ಆನೆಗಳಿಂದ ಸಂತತಿ ಬೆಳೆದ ಫಲವಾಗಿ ಅಲ್ಲಿನ ಬಹುಪಾಲು ಹೆಣ್ಣಾನೆಗಳಿಗೆ ದಂತವಿಲ್ಲ. ದಂತ ಕಾಣಲಿಲ್ಲವೆಂದು ಸಾಧುವೆಂದುಕೊಳ್ಳಬೇಡ, ಅದರ ಕಾಲ ಮರೆಯಲ್ಲಿ ಮರಿಯಿರಬಹುದು; ತಾಯಿಗೂ ಮರಿಗೂ ನಡುವೆ ಕಾರು ಸಿಲುಕದಿದ್ದರೆ ಸಾಕು. ಪೊದೆ ದಟ್ಟವಾದ್ದರಿಂದ ಆನೆ ತೀರ ಹತ್ತಿರ ಬಂದ ಮೇಲೆ ಕಾಣುವುದೂ ಉಂಟು. ಗಂಟೆಗೆ 40 ಕಿ.ಮೀ. ಮಿತಿಯೂ ನಿನಗೆ ಹೆಚ್ಚೆಂದೇ ಭಾವಿಸು. ಹಿಂದೆ ಸರಿಯಲು ಜಾಗ ಉಳಿಸಿಕೊಂಡೇ ನಿಲ್ಲು.

ಇಲ್ಲಿ ಕುಳಿತು ಹೇಳುವುದು ಸುಲಭ, ಗೊತ್ತು. ಆದರೂ ಆ್ಯಡೋ ಕೊನೆಯಲ್ಲಿ ಬರುವುದು ಒಳ್ಳೆಯದೇ ಆಯಿತು. ಬೆಟ್ಟೀಸ್ ಬೇಯ ಪೆಂಗ್ವಿನ್, ಹರ್ಮೇನಸ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ದಡದಿಂದಲೇ ಕಾಣುವ ತಿಮಿಂಗಿಲ, ಸಿಟ್ಸಿಕಾಮಾದ ಕಾಡು, ಇವೆಲ್ಲ ದಾಟುವಷ್ಟರಲ್ಲಿ ನಿನ್ನ ಕೈ ಪಳಗಿರುತ್ತದೆ; ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರವೇ. ಕತ್ತಲಾದ ಮೇಲೆ ಮಾತ್ರ ಓಡಿಸಬೇಡ. ಬಂಡೀಪುರದ ರಸ್ತೆಯನ್ನೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸುಮ್ಮನೆ ಮುಚ್ಚುವುದಿಲ್ಲ.

ಮತ್ತೆ ಆನೆಯ ಮಾತಿಗೇ ಬಂದೆ. ಅಕ್ಕ ದಾರಿಗೆಂದು ಕಿತ್ತಳೆ ಕಟ್ಟಿಕೊಂಡರೆ ಆ್ಯಡೋಗೆ ಮುಂಚೆಯೇ ತಿಂದು ಮುಗಿಸಿರಿ. ಹಿಂದೆ ಅಲ್ಲಿನ ಆನೆಗಳಿಗೆ ಕಿತ್ತಳೆ ಸುರಿದು ರೂಢಿ ಮಾಡಿಸಿ, ಅದಕ್ಕಾಗಿ ಅವು ಮೈಮೇಲೆ ಬೀಳತೊಡಗಿದ್ದರಿಂದ ಆ ಜಾತಿಯ ಹಣ್ಣನ್ನೇ ಒಳಗೆ ಬಿಡುವುದಿಲ್ಲ. ಅಕ್ಕನನ್ನು ನಿನ್ನ ಸೀಟಿನ ಹಿಂದೆ ಕೂರಿಸು. ಪೂರ್ವಕ್ಕೆ ಹೋಗುವಾಗ ಸಮುದ್ರ ಬಲಗಡೆಗೇ ಸಿಗುತ್ತದೆ.

ಇತಿ,
ನಿನ್ನ ಮಾವ